ಗಾಜಿಗೆ ದುಡ್ಡು ಸುರೀಬೇಡಿ, ಮುಚ್ಚಳ ನೋಡಿ ತಗೊಳ್ಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣಿಯಲ್ಲಿ ಆಪೂಸ್ ಮಾವಿನ ರಸವನ್ನು ವರ್ಷವಿಡೀ ಇಟ್ಟುಕೊಳ್ಳುವ ರೆಸಿಪಿ ಬಂದಿತ್ತಲ್ಲ, ಸಕ್ಕರೆ ಎಷ್ಟು, ಎಷ್ಟು ಹೊತ್ತು ಕಾಯಿಸ್ಬೇಕು ಎಲ್ಲ ಚೆಂದ ಬರೆದಿದ್ರು, ಕಡೆಗೆ "ಗಾಳಿಯಾಡದ ಬಾಟಲಿಯಲ್ಲಿ ತುಂಬಿಸಿಡಿ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರು. ಯಾವ ಬಾಟಲಿ ಮಾರಾಯ್ರೆ? ಎಲ್ಲಿ ಸಿಗ್ತದೆ, ಮುಚ್ಚಳ ಎಂಥದ್ದು? ಮುಂಬಯಿಯಲ್ಲಿ ನಮ್ಮವರ ಮನೆಗಳಲ್ಲಿ ಮಾವಿನ ಪೇಟಿ ಬರ್ಲಿಕ್ಕೆ ಶುರುವಾಯ್ತು ಅಂದ್ರೆ ಜ್ಯಾಮು, ಮೊರಂಬಾ (ಮಾವಿನಕಾಯಿಯ ಸಿಹಿ ಗೊಜ್ಜು), ಪುನರ್ಪುಳಿ (ಕೋಕಂ) ಸಿರಪ್ಪು, ಮಿಡಿ ಉಪ್ಪಿನಕಾಯಿ ಅಂತ ಮಳೆಗಾಲ ಬರುವವರೆಗೆ ಒಂದಲ್ಲ ಒಂದು ನಡೀತಾನೇ ಇರ್ತದೆ, ಅದನ್ನು ತುಂಬಿಸುವ ಬಾಟಲಿ ಬಗ್ಗೆ ಮಾತ್ರ ಯಾರೂ ಬರೆಯೋದಿಲ್ಲ. ಹಾಗಾಗಿ ನಾನೇ ಬರೀತಿದ್ದೇನೆ, ಸ್ವಲ್ಪ ಉದ್ದ ಆದ್ರೆ ದಯವಿಟ್ಟು ಕತ್ತರಿ ಹಾಕ್ಬೇಡಿ.

ಮಾಲ್‌ಗಳಲ್ಲಿ, ಆನ್‌ಲೈನಲ್ಲಿ ಮೇಸನ್ ಜಾರ್ ಅಂತ ಮಾರ್ತಾರಲ್ಲ, ಅದು ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ಅನ್ನುವವರು 1858ರಲ್ಲಿ ಪೇಟೆಂಟ್ ಮಾಡಿಸಿದ ತಿರುಪು ಬಾಯಿಯ ಬಾಟಲಿಯ ವಂಶ. ಈಗಿನದ್ದಕ್ಕೆ ಎರಡು ತುಂಡಿನ ಮುಚ್ಚಳ, ಬಾಯಿ ಮೇಲೆ ಒಂದು ಚಪ್ಪಟೆ ತಗಡು, ಅದನ್ನು ಒತ್ತಿ ಹಿಡೀಲಿಕ್ಕೆ ಒಂದು ತಿರುಪಿನ ಬಳೆ. ಬಳೆ ತುಕ್ಕು ಹಿಡಿಯುವವರೆಗೆ ಎಷ್ಟು ವರ್ಷ ಬೇಕಾದ್ರೂ ನಡೀತದೆ, ತಗಡು ಒಂದೇ ಸಲಕ್ಕೆ. ವಸ್ತು ಒಳ್ಳೆಯದೇ, ಆದ್ರೆ ಜಾರ್ ತಗೊಂಡಾದ ಮೇಲೆ ಬದಲಿ ತಗಡು ನಮ್ಮ ಅಂಗಡಿಗಳಲ್ಲಿ ಹುಡುಕಿ ಸಾಕಾಗ್ತದೆ, ಹೊರಗಿನಿಂದ ತರಿಸಿದ್ರೆ ಒಳಗಿರುವ ಜ್ಯಾಮಿಗಿಂತ ಮುಚ್ಚಳವೇ ದುಬಾರಿ. ಇನ್ನು ಹಿಡಿ ಇರುವ, ಮುಚ್ಚಳದಲ್ಲಿ ಸ್ಟ್ರಾ ಹಾಕುವ ತೂತಿರುವ ಜಾರ್‌ಗಳಿಗೂ ಮೇಸನ್ ಅಂತಲೇ ಚೀಟಿ ಅಂಟಿಸಿರ್ತಾರೆ, ಅದು ಜ್ಯೂಸ್ ಕುಡಿಯುವ ಲೋಟ ಅಷ್ಟೇ, ಜ್ಯಾಮು ತುಂಬಿಸಿ ಮುಚ್ಚಿ, ಸೀಲ್ ಆಗ್ಲಿಕ್ಕೆ ಕುದಿಯುವ ನೀರಲ್ಲಿ ಇಡುವಂಥದ್ದಲ್ಲ.

ನಮಗೆ ಬೇಕಾದದ್ದು ನಮ್ಮ ಮನೆಯಲ್ಲೇ ಉಂಟು. ಅಂಗಡಿಯ ಜ್ಯಾಮು, ಜೇನು ಬರ್ತದಲ್ಲ, ಅರ್ಧ ಸುತ್ತೂ ತಿರುಗಿಸ್ಬೇಕಾಗಿಲ್ಲ ಟಕ್ ಅಂತ ಕೂರುವ ತಗಡಿನ ಮುಚ್ಚಳದ ಬಾಟಲಿ, ಅದೇ. ವ್ಯಾಪಾರದವರು ಅದಕ್ಕೆ ಲಗ್ ಕ್ಯಾಪ್ ಅಂತಾರೆ. ಮುಚ್ಚಳದ ಒಳಗೆ ಅಂಚಿನಲ್ಲಿ ರಬ್ಬರಿನ ಹಾಗೆ ಕಾಣುವ ಒಂದು ಪದರ ಇರ್ತದೆ, ಬಿಸಿಗೆ ಅದು ಮೆತ್ತಗಾಗಿ ಗಾಜಿನ ಬಾಯಿಗೆ ಅಚ್ಚು ಕೂತ ಹಾಗೆ ಕೂತ್ಕೊಳ್ತದೆ, ಒಳಗಿನ ಹಬೆ ತಣಿದಾಗ ಗಾಳಿ ಎಳೆದು ನಿರ್ವಾತ ಆಗ್ತದೆ, ಮುಚ್ಚಳದ ನಡುವಿನ ಉಬ್ಬು ಕೆಳಗೆ ಇಳೀತದೆ. ಮರುದಿನ ಬೆರಳಲ್ಲಿ ಒತ್ತಿ ನೋಡಿ, ಟಿಕ್ ಟಿಕ್ ಅಂದ್ರೆ ಸೀಲ್ ಆಗಿಲ್ಲ ಅಂತ ಅರ್ಥ, ಆ ಬಾಟಲಿ ನೇರ ಫ್ರಿಜ್ಜಿಗೆ. ಒಂದು ಸಲ ಬಳಸಿದ ಮುಚ್ಚಳದ ಪದರದಲ್ಲಿ ಹಳೇ ಬಾಟಲಿಯ ಗೀರು ಉಳಿದಿರ್ತದೆ, ಎರಡನೇ ಸಲ ಅದು ಸರಿಯಾಗಿ ಕೂರ್ತದೆ ಅಂತ ಭರವಸೆ ಇಲ್ಲ. ಅದಕ್ಕೇ ಹೇಳೋದು, ಬಾಟಲಿ ಹಳೇದು ಆಗ್ಬಹುದು, ಮುಚ್ಚಳ ಹೊಸತೇ ಆಗ್ಬೇಕು. ಡಜನ್‌ಗಟ್ಟಲೆ ತಗೊಂಡ್ರೆ ಒಂದು ಮುಚ್ಚಳ ಒಂದು ಕಟಿಂಗ್ ಚಾಯ್‌ಗಿಂತ ಕಮ್ಮಿಗೆ ಬೀಳ್ತದೆ.

ಸೈಜ್ ಮಾತ್ರ ಸರಿ ನೋಡ್ಬೇಕು. 53, 63, 70, 82 ಮಿಲಿಮೀಟರ್ ಅಂತ ಬರ್ತದೆ, 63ರ ಬಾಯಿಗೆ 70ರ ಮುಚ್ಚಳ ಜಪ್ಪಯ್ಯ ಅಂದ್ರೂ ಕೂರೋದಿಲ್ಲ. ಮನೆಯ ಖಾಲಿ ಬಾಟಲಿ ಒಂದನ್ನು ಚೀಲದಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗಿ, ಕೌಂಟರ್ ಮೇಲೆ ಇಟ್ಟು ಇದಕ್ಕೆ ಕೂರುವ ಢಕ್ಕನ್ ಕೊಡಿ ಅನ್ನಿ, ಅರ್ಧ ತಲೆನೋವು ಅಲ್ಲಿಗೇ ಮುಗೀತದೆ.

ಎಲ್ಲಿಗೆ ಹೋಗೋದು ಅಂದ್ರೆ, ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್, ಅಲ್ಲಿಂದ ಮಸ್ಜಿದ್ ಬಂದರ್ ಕಡೆಗಿನ ಗಲ್ಲಿಗಳು, ಅಲ್ಲಿ ಬರೀ ಬಾಟಲಿ-ಡಬ್ಬಿಯ ಹೋಲ್‌ಸೇಲ್ ಅಂಗಡಿಗಳುಂಟು. ಪುಣೆಯವರಾದ್ರೆ ರವಿವಾರ ಪೇಟೆಯ ಬೋಹ್ರಿ ಆಳಿ, ತುಳಶಿಬಾಗಿಗೆ ಹೋದ್ರೆ ಅಲಂಕಾರದ ಜಾರ್ ಕೈಗೆ ಹತ್ತಿ ಪರ್ಸ್ ಖಾಲಿ ಆಗ್ತದೆ. ಹೋಲ್‌ಸೇಲಿನವರ ಒಂದೇ ರಾಗ, "ಪೂರಾ ಪೇಟಿ ಲೇನಾ ಪಡೇಗಾ", ಪೂರ್ತಿ ಪೆಟ್ಟಿಗೆಯೇ ತಗೊಳ್ಬೇಕು ಅಂತ. ಎರಡು ರೂಮಿನ ಮನೆಯಲ್ಲಿ ಪೂರ್ತಿ ಪೇಟಿ ಬಾಟಲಿ ಎಲ್ಲಿಡೋದು, ಮಂಚದ ಅಡಿಯಲ್ಲಿ ಆಗಲೇ ಊರಿಂದ ಬಂದ ಕುಚಲಕ್ಕಿ ಉಂಟು. ಈ ವಿಷಯಕ್ಕೆ ಆಮೇಲೆ ಬರ್ತೇನೆ. ಡೊಂಬಿವಲಿ ಕಡೆಯವರು ಗಾಜು ಹೊತ್ಕೊಂಡು ಸಂಜೆಯ ಫಾಸ್ಟ್ ಲೋಕಲ್ ಹತ್ತುವ ಸಾಹಸ ಮಾಡ್ಬೇಡಿ, ಮಧ್ಯಾಹ್ನ ಲಗೇಜ್ ಡಬ್ಬಾದಲ್ಲಿ ಬನ್ನಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಬಾಯಿಯ ಸುತ್ತ ಉಗುರು ಓಡಿಸಿ, ಎಲ್ಲಾದ್ರೂ ತಡೆದ್ರೆ ಬೇಡ, ಸಾಸಿವೆ ಕಾಳಿನಷ್ಟು ಚಕ್ಕೆ ಹೋಗಿದ್ರೂ ಗಾಳಿಗೆ ಅದೇ ದಾರಿ. ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು, ಗುಳ್ಳೆ ಉಂಟಾ ನೋಡಿ. ಚೌಕದ ಬಾಟಲಿ ಕಪಾಟಿನಲ್ಲಿ ಜಾಗ ಉಳಿಸ್ತದೆ ನಿಜ, ಆದ್ರೆ ಬಿಸಿಗೆ ಮೂಲೆಯಲ್ಲಿ ಬಿರುಕು ಬಿಡುವ ಸಂಭವ ಜಾಸ್ತಿ, ಗುಂಡಗಿನದ್ದೇ ವಾಸಿ. ಸೈಜ್ ಆದಷ್ಟು ಚಿಕ್ಕದು, 200-250 ಎಂಎಲ್, ಈಗ ಮನೆಯಲ್ಲಿ ಇರೋದೇ ಇಬ್ಬರೋ ಮೂವರೋ, ಒಂದು ಕಿಲೋದ ಬಾಟಲಿ ತೆಗೆದ್ರೆ ಅದು ಮುಗಿಯುವ ಮೊದಲೇ ಬೂಷ್ಟು ಬರ್ತದೆ. ಭಂಗಾರದವರ (ಗುಜರಿಯವರ) ಹತ್ರ ಬಾಟಲಿ ಸೋವಿ ಸಿಗ್ತದೆ ಅಂತ ಕೆಲವರು ತರ್ತಾರೆ, ನನಗದು ಸುತಾರಾಂ ಇಷ್ಟ ಇಲ್ಲ, ಮೊದಲು ಅದರಲ್ಲಿ ಫಿನಾಯಿಲ್ ಇತ್ತಾ ಸೀಮೆಎಣ್ಣೆ ಇತ್ತಾ ಯಾರಿಗೆ ಗೊತ್ತು.

ಎಲ್ಲದಕ್ಕೂ ಈ ಬಾಟಲಿ ಬೇಕಾಗಿಲ್ಲ ಅನ್ನೋದೂ ಗೊತ್ತಿರ್ಬೇಕು. ಮಿಡಿ ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು, ಅದಕ್ಕೆ ಅಜ್ಜಿಯ ಕಾಲದ ಭರಣಿ, ಬಾಯಿಗೆ ಬಟ್ಟೆ ಕಟ್ಟಿದ್ರೆ ಸಾಕು, ಭರಣಿ ಇಲ್ಲದವರಿಗೆ ಹಳೇ ಹಾರ್ಲಿಕ್ಸ್ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವೂ ನಡೀತದೆ. ತಗಡಿನ ಮುಚ್ಚಳ ಹಾಕಿದ್ರೆ ಉಪ್ಪು-ಹುಳಿಗೆ, ಮೇಲಿಂದ ಮುಂಬಯಿಯ ಮಳೆಗಾಲದ ಗಾಳಿಗೆ, ಗಣೇಶ ಚೌತಿಯೊಳಗೆ ತುಕ್ಕು. ಪೆಟ್ ಅನ್ನುವ ಪ್ಲಾಸ್ಟಿಕ್ಕಿನ ಜಾರ್‌ಗೆ ಬಿಸಿ ಬಿಸಿ ಒಗ್ಗರಣೆ ಎಣ್ಣೆ ಸುರೀಬೇಡಿ, ಅದು 70 ಡಿಗ್ರಿ ದಾಟಿದ್ರೆ ಮೆತ್ತಗಾಗಿ ಸೊಟ್ಟ ಆಗ್ತದೆ.

ಇನ್ನು ಮಾವಿನ ರಸ. ಕುದಿಯುವ ನೀರಲ್ಲಿ ಬಾಟಲಿ ಇಟ್ಟು ಫ್ರಿಜ್ಜಿನ ಹೊರಗೆ ಶೇಖರಿಸುವ ಕ್ರಮ ಹುಳಿ ಪದಾರ್ಥಕ್ಕೆ ಮಾತ್ರ, ಹುಳಿಯ ಅಳತೆ ಪಿಎಚ್ ಅಂತಾರಲ್ಲ, ಹುಳಿ ಹೆಚ್ಚಿದಷ್ಟು ಅದು ಕಮ್ಮಿ, ಅದು 4.6ಕ್ಕಿಂತ ಕೆಳಗಿರ್ಬೇಕು. ಅದಕ್ಕಿಂತ ಹುಳಿ ಕಮ್ಮಿ ಆದ್ರೆ ಗಾಳಿ ಇಲ್ಲದ ಬಾಟಲಿಯಲ್ಲೇ ಬೆಳೆಯುವ ಬೊಟುಲಿಸಂ ಅನ್ನುವ ಜೀವ ತೆಗೆಯುವ ವಿಷಾಹಾರದ ಬ್ಯಾಕ್ಟೀರಿಯಾ ಉಂಟು, ಅದರ ಬೀಜಾಣು 100 ಡಿಗ್ರಿಗೆ ಸಾಯೋದಿಲ್ಲ, ವಾಸನೆ ರುಚಿಯಲ್ಲೂ ಗೊತ್ತಾಗದೆ ಇರ್ಬಹುದು. ಮಾವಿನಕಾಯಿ ಹುಳಿ, ಪರವಾಗಿಲ್ಲ, ಆದ್ರೆ ಚೆನ್ನಾಗಿ ಹಣ್ಣಾದ ಮಾವಿನ ಕೆಲವು ಜಾತಿಗಳಲ್ಲಿ ಪಿಎಚ್ 4.6 ದಾಟ್ತದೆ, ಹಾಗಾಗಿ ಅಮೆರಿಕದಲ್ಲಿ ಮನೆಯಲ್ಲಿ ಡಬ್ಬಿ ತುಂಬುವವರಿಗೆ ಕೊಡುವ ಸರ್ಕಾರಿ ಸಲಹೆಯಲ್ಲೂ ಮಾವನ್ನು ಹೋಳು ಮಾಡಿ ತುಂಬುವುದಾದ್ರೆ ಮಾವಿನಕಾಯಿಗೆ ಮಾತ್ರ ಒಪ್ಪಿಗೆ. ಟೊಮೆಟೊಗೂ ಅಷ್ಟೇ, ಸುಮಾರು ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕ್ಬೇಕು ಅಂತಾರೆ. ಆಪೂಸ್ ರಸಕ್ಕೆ ನನ್ನ ಮತ ಫ್ರೀಜರಿಗೆ. ಅದಕ್ಕೆ ಕುತ್ತಿಗೆ ಸಪೂರ ಇರುವ ಬಾಟಲಿ ಬೇಡ, ಮೇಲಿಂದ ಕೆಳಗೆ ನೇರ ಇರುವ ಅಗಲ ಬಾಯಿಯದ್ದು, 82ರದ್ದು ಒಳ್ಳೆಯದು, ಮೇಲೆ ಒಂದು ಇಂಚು ಖಾಲಿ ಬಿಡಿ, ರಸ ಗಟ್ಟಿಯಾಗುವಾಗ ಉಬ್ಬಿ ಗಾಜು ಸೀಳ್ತದೆ. ಬೀನ್ಸ್, ಬಟಾಣಿ, ಮೀನು ಇಂಥದ್ದನ್ನು ಮನೆಯ ಸೀಟಿ ಕುಕ್ಕರಲ್ಲಿ ಇಟ್ಟು ಬಾಟಲಿ ಮಾಡ್ತೇವೆ ಅಂತ ಹೊರಡಬೇಡಿ, ಬಾಟಲಿ ಮಾಡ್ಲಿಕ್ಕೇ ಇರುವ ಪ್ರೆಶರ್ ಕ್ಯಾನರ್ ಬೇರೆ, ನಮ್ಮ ಕುಕ್ಕರ್ ಬೇರೆ, ನಮ್ಮದು ಬೇಗ ಬಿಸಿಯಾಗಿ ಬೇಗ ತಣೀತದೆ, ಕ್ಯಾನರಿಗೆ ಬರೆದ ಪುಸ್ತಕದ ಲೆಕ್ಕ ಇದಕ್ಕೆ ಹಿಡಿಯೋದಿಲ್ಲ.

ಜ್ಯಾಮು, ಮೊರಂಬಾದವರಿಗೆ ಒಂದೆರಡು ಮಾತು. ಬಾಟಲಿ ಬಿಸಿ ನೀರಲ್ಲಿ ಬಿಸಿಯಾಗಿರುವಾಗಲೇ ಬಿಸಿ ಜ್ಯಾಮು ತುಂಬಿಸಿ, ಕಾಲು ಇಂಚು ಬಿಟ್ಟು, ಬಾಯಿ ಒರೆಸಿ ಮುಚ್ಚಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಕಿ ಬಾಟಲಿ ಇಡಿ, ನೀರು ಮುಚ್ಚಳದ ಮೇಲೆ ಒಂದು ಇಂಚು ನಿಲ್ಬೇಕು, ಹತ್ತು ನಿಮಿಷ ಕುದೀಲಿ. ತೆಗೆದದ್ದನ್ನು ಗ್ರಾನೈಟ್ ಕಟ್ಟೆ ಮೇಲೆ ಬರಿದೇ ಇಟ್ಟೀರಿ ಮತ್ತೆ, ತಳ ಕಳಚಿ ಬರ್ತದೆ.

ಸಂಪಾದಕರೇ, ನನ್ನ ವಿನಂತಿ, ಇನ್ನು ಮುಂದೆ ಇಂಥ ರೆಸಿಪಿ ಹಾಕುವಾಗ ಯಾವ ಬಾಟಲಿ, ಯಾವ ಮುಚ್ಚಳ, ಹೊರಗಿಡ್ಬಹುದಾ ಫ್ರಿಜ್ಜಲ್ಲೇ ಇಡ್ಬೇಕಾ ಅಂತ ಎರಡು ಸಾಲು ಸೇರಿಸಿ. ಬಣ್ಣದ ಫೋಟೊ ಸ್ವಲ್ಪ ಸಣ್ಣದು ಮಾಡಿದ್ರೆ ಜಾಗ ಸಿಗ್ತದೆ.

ಪೇಟಿಯ ವಿಷಯ ಹೇಳ್ತೇನೆ ಅಂದಿದ್ದೆ. ನಮ್ಮ ಸಂಘಗಳ ಮಹಿಳಾ ವಿಭಾಗದವರು ಮಳೆಗಾಲದ ಆಟಿ (ತುಳುವರ ತಿಂಗಳು) ಬಂದಾಗ ಅಷ್ಟು ಬಗೆ ಅಡುಗೆ ಮಾಡಿ ತರ್ತಾರೆ, ಅದೇ ಜನ ಸೇರಿ ವರ್ಷಕ್ಕೊಂದು ಸಲ ಬಾಟಲಿ, ಮುಚ್ಚಳ ಒಟ್ಟಿಗೆ ತರಿಸಿ ಹಂಚಿಕೊಂಡ್ರೆ ಹೋಲ್‌ಸೇಲ್ ರೇಟೂ ಸಿಗ್ತದೆ, ಯಾರ ಮಂಚದ ಅಡಿಗೂ ಪೂರ್ತಿ ಪೇಟಿ ಬರೋದಿಲ್ಲ. ಮಾವಿನ ಸೀಸನ್ ಜೋರಾಗುವ ಮೊದಲೇ ತರಿಸ್ಬೇಕು, ಮೇ ತಿಂಗಳಲ್ಲಿ ಕೇಳಿದ್ರೆ ಅಂಗಡಿಯವನ ಮುಖವೇ ಬೇರೆ. ನಮ್ಮ ಬಿಲ್ಡಿಂಗಿನ ಹೆಂಗಸರು 63ರ ಪೇಟಿಗೆ ಹೆಸರು ಕೊಟ್ಟಾಗಿದೆ, 82ರದ್ದಕ್ಕೆ ಇನ್ನೂ ಜನ ಬೇಕು.

ಇಂತಿ,
ನಿಮ್ಮ ಓದುಗಳು, ಡೊಂಬಿವಲಿ ಪೂರ್ವ