ಅಮ್ಮನ ಮೊದಲ ತಿಥಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮುಂದಿನ ತಿಂಗಳು ಅಮ್ಮನ ವರ್ಷದ ತಿಥಿ. "ಅಲ್ಲಿ ಕಷ್ಟ ಆದ್ರೆ ಬಿಡಪ್ಪ, ನಾನು ಇಲ್ಲೇ ಮಠದಲ್ಲಿ ಮಾಡಿಸ್ತೀನಿ" ಅಂತ ಅಪ್ಪ ಹೇಳಿದ್ದಾರೆ. "ನಾನೇ ಮಾಡ್ತೀನಿ" ಅಂತ ಅಕ್ಕ ಹೇಳಿದ್ದಾಳೆ. ನೀನು ಮಾತ್ರ ಮ್ಯೂನಿಕ್‌ನಲ್ಲಿ ಯಾವುದಕ್ಕೂ ಹೂಂ ಅನ್ನಲಾಗದೆ ಕೂತಿದ್ದೀಯ. "ಇಲ್ಲಿ ಇಟ್ಟ ಅನ್ನ ಸತ್ತವರಿಗೆ ತಲುಪುತ್ತೆ ಅಂತ ನನಗೆ ನಂಬಿಕೆ ಇಲ್ಲ. ನಂಬದೆ ಮಾಡಿದ್ರೆ ಅಮ್ಮನಿಗೇ ಸುಳ್ಳು ಹೇಳಿದ ಹಾಗಲ್ವಾ?" ಅಂತ ಕೇಳಿದ್ದೀಯ.

ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಪತ್ರ. ನಿನ್ನನ್ನು ಕೇಳಿಯೇ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಒದ್ದಾಡುವವರು ಇನ್ನೂ ಬಹಳ ಜನ ಇದ್ದಾರೆ.

ಇಂಥ ಪ್ರಶ್ನೆ ಕೇಳಿದೆ ಅಂತ ನೀನು ಕೆಟ್ಟ ಮಗನಾಗುವುದಿಲ್ಲ. ಪರಲೋಕವನ್ನೇ ಒಪ್ಪದ ಹಿಂದಿನ ಕಾಲದ ಚಾರ್ವಾಕರು ಇದನ್ನೇ ಇನ್ನೂ ಖಾರವಾಗಿ ಕೇಳಿದ್ದರು. ಇಲ್ಲಿ ಬಡಿಸಿದ ಅನ್ನದಿಂದ ಸತ್ತವರ ಹಸಿವು ಹೋಗುವುದಾದರೆ, ಊರಿಗೆ ಹೊರಟವನಿಗೆ ಬುತ್ತಿ ಯಾಕೆ ಕಟ್ಟಬೇಕು, ಮನೆಯಲ್ಲೇ ಯಾರಿಗಾದರೂ ಉಣ್ಣಿಸಿದರೆ ಆಯಿತಲ್ಲ ಅಂತ. ವಿಜಯನಗರ ಕಾಲದ ಮಾಧವಾಚಾರ್ಯರು ತಾವು ವೇದಾಂತಿಯಾಗಿದ್ದರೂ ಸರ್ವದರ್ಶನಸಂಗ್ರಹದಲ್ಲಿ ಈ ಮಾತನ್ನು ಮುಚ್ಚಿಡದೆ ಬರೆದಿಟ್ಟರು. ನಮ್ಮ ಶರಣರ ದಾರಿಯೂ ಬೇರೆಯೇ. ಲಿಂಗಾಯತರ ಮನೆಗಳಲ್ಲಿ ಪಿಂಡ ಇಡುವುದಿಲ್ಲ. ಆದರೆ ಶಿವಗಣಾರಾಧನೆ ಇದೆ, ಬಂದವರಿಗೆಲ್ಲ ಊಟ ಇದೆ. ಪಿಂಡ ಬಿಟ್ಟವರೂ ಊಟ ಬಿಡಲಿಲ್ಲ ನೋಡು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಶ್ರಾದ್ಧ ಶುರುವಾಗಿದ್ದು ಹೇಗೆ ಅಂತ ಮಹಾಭಾರತದ ಅನುಶಾಸನ ಪರ್ವದಲ್ಲಿ ಧರ್ಮರಾಯ ಭೀಷ್ಮನನ್ನು ಕೇಳುತ್ತಾನೆ. ಭೀಷ್ಮ ಹೇಳುವ ಕತೆಯಲ್ಲಿ ನಿಮಿ ಅನ್ನುವ ಋಷಿಯ ಮಗ ತೀರಿಹೋಗುತ್ತಾನೆ. ಮಗನಿಗಾಗಿ ಅಪ್ಪ ಕೊರಗುತ್ತಾನೆ. ಯೋಚಿಸಿ ಯೋಚಿಸಿ ಕೊನೆಗೆ ಒಂದು ಅಮಾವಾಸ್ಯೆಯ ದಿನ ಏಳು ಜನ ಬ್ರಾಹ್ಮಣರನ್ನು ಕರೆಯುತ್ತಾನೆ. ಮಗನಿಗೆ ಯಾವ ಹಣ್ಣು, ಯಾವ ಗೆಡ್ಡೆ ಇಷ್ಟವಾಗಿತ್ತೋ ಅದನ್ನೆಲ್ಲ ತರುತ್ತಾನೆ. ಅವರಿಗೆ ಬಡಿಸಿ, ದರ್ಭೆ ಹಾಸಿ, ಮಗನ ಹೆಸರು ಗೋತ್ರ ಹೇಳಿ ಪಿಂಡ ಇಡುತ್ತಾನೆ. ಎಲ್ಲ ಮುಗಿದ ಮೇಲೆ ಅವನಿಗೆ ಗಾಬರಿಯಾಗುತ್ತದೆ. ಹಿಂದೆ ಯಾವ ಮುನಿಯೂ ಮಾಡದ್ದನ್ನು ನಾನು ಮಾಡಿಬಿಟ್ಟೆನಲ್ಲ ಅಂತ. ಆಗ ವಂಶದ ಹಿರಿಯ ಅತ್ರಿ ಬಂದು ಹೆದರಬೇಡ ಅಂತ ಸಮಾಧಾನ ಮಾಡುತ್ತಾನೆ.

ಈ ಕತೆಯಲ್ಲಿ ಮೊದಲ ಶ್ರಾದ್ಧ ಮಾಡಿದವನು ಮಗನಲ್ಲ, ಮಗನನ್ನು ಕಳೆದುಕೊಂಡ ಅಪ್ಪ. ಅವನ ಮುಂದೆ ಯಾವ ವಿಧಿಯೂ ಇರಲಿಲ್ಲ. ಏನಾದರೂ ತಿನ್ನಿಸಬೇಕು ಅನ್ನುವ ಆಸೆ ಮಾತ್ರ ಇತ್ತು. ನಮ್ಮವರು ಹೋದ ಮೇಲೂ ಆ ಆಸೆ ಹೋಗುವುದಿಲ್ಲ. ಅದಕ್ಕೆ ಕೈಯಲ್ಲಿ ಒಂದು ಕೆಲಸ ಕೊಡುವುದೇ ಶ್ರಾದ್ಧ ಅಂತ ನಾನು ತಿಳಿದುಕೊಂಡಿದ್ದೇನೆ. ಅಮ್ಮನಿಗೆ ನೀನು ಹೇಳುವ ಸುಳ್ಳು ಇದರಲ್ಲಿ ಏನೂ ಇಲ್ಲ. ನಿಮಿಗೂ ಅನುಮಾನ ಇತ್ತು ಕಣೋ. ಮಾಡಿದ ಮೇಲೂ ಇತ್ತು.

ನಮ್ಮ ಮನೆಯ ಕಡೆ ನಿನಗೆ ಗೊತ್ತಿರುವುದೇ. ಮಂಡ್ಯ ಸೀಮೆಯಲ್ಲಿ ನಮಗೆ ಪುರೋಹಿತರಿಲ್ಲ, ಮಂತ್ರವಿಲ್ಲ. ಭಾದ್ರಪದದ ಕತ್ತಲ ಪಕ್ಷ ಬಂದರೆ ಪಿತೃಪಕ್ಷ, ಮಹಾಲಯ ಅಮಾವಾಸ್ಯೆಗೆ ಅದು ಮುಗಿಯುತ್ತದೆ. ಅಷ್ಟರೊಳಗೆ ಒಂದು ದಿನ ನೋಡಿ ಹಿರಿಯರಿಗೆ ಎಡೆ ಹಾಕುತ್ತೇವೆ. ನಡುಮನೆ ಸಾರಿಸಿ ಕಳಶ ಇಟ್ಟು, ಹೊಸ ಪಂಚೆ, ಹೊಸ ಸೀರೆ ಇಡುತ್ತೇವೆ. ಬಾಳೆ ಎಲೆ ಹಾಕಿ ಮುದ್ದೆ, ಮಟನ್ ಸಾರು, ಕೋಳಿ, ವಡೆ, ಕಜ್ಜಾಯ ಬಡಿಸುತ್ತೇವೆ. ತಾತನ ಎಲೆಗೆ ಬೀಡಿ ಕಟ್ಟು, ಅಜ್ಜಿಯ ಎಲೆಗೆ ಎಲೆ ಅಡಿಕೆ ಹೊಗೆಸೊಪ್ಪು. ನಮ್ಮಪ್ಪನಿಗೆ ತಲೆಮಾಂಸ ಇಷ್ಟ, ಅದು ತಪ್ಪುವ ಹಾಗಿಲ್ಲ. ಧೂಪ ಹಾಕಿ, ಕೈಮುಗಿದು, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ಹಿರಿಯರು ಸಂಕೋಚವಿಲ್ಲದೆ ಊಟ ಮಾಡಲಿ ಅಂತ. ಮಕ್ಕಳೂ ಆಗ ಗಲಾಟೆ ಮಾಡುವುದಿಲ್ಲ. ಮನೆಯೊಳಗೆ ಯಾರೋ ಊಟಕ್ಕೆ ಕೂತಿದ್ದಾರೆ ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಾಂಸದ ಎಡೆ ಶಾಸ್ತ್ರವಲ್ಲ ಅಂತ ಕೆಲವರು ಮೂಗು ಮುರಿಯುವುದನ್ನು ನೋಡಿದ್ದೇನೆ. ಅವರಿಗೆ ರಾಮಾಯಣ ತೋರಿಸಬೇಕು. ಚಿತ್ರಕೂಟಕ್ಕೆ ಭರತ ಬಂದು ಅಪ್ಪ ಹೋದ ಸುದ್ದಿ ಹೇಳಿದಾಗ ರಾಮನ ಹತ್ತಿರ ಕಾಡಿನ ಕಾಯಿ ಹಣ್ಣು ಬಿಟ್ಟು ಏನಿತ್ತು? ಇಂಗುದಿ ಕಾಯಿಯ ಹಿಂಡಿಗೆ ಎಲಚಿ ಹಣ್ಣು ಕಲಸಿ ಮಂದಾಕಿನಿಯ ದಡದಲ್ಲಿ ಪಿಂಡ ಇಡುತ್ತಾನೆ. ನಾವು ತಿನ್ನುವುದು ಇದನ್ನೇ, ಇದನ್ನೇ ತೆಗೆದುಕೋ ಅನ್ನುತ್ತಾನೆ. ಮನುಷ್ಯ ಏನು ತಿನ್ನುತ್ತಾನೋ ಅವನ ದೇವರಿಗೂ ಅದೇ ಅನ್ನ ಅನ್ನುತ್ತಾನೆ. ಆಮೇಲೆ ಆ ಪಿಂಡ ನೋಡಿದ ಕೌಸಲ್ಯೆಗೆ ಎದೆ ಒಡೆದುಹೋಗುತ್ತದೆ. ಭೂಮಿ ಆಳಿದ ದೊರೆಗೆ ಮಗ ಹಿಂಡಿ ಇಡುವ ಹಾಗಾಯಿತಲ್ಲ ಅಂತ. ಆದರೆ ದಶರಥನಿಗೆ ಅದಕ್ಕಿಂತ ದೊಡ್ಡ ಊಟ ಯಾವುದಿತ್ತು, ಹೇಳು.

ನಿಮ್ಮ ಮನೆಯ ತಿಥಿ ಅಡುಗೆಯ ಹಿಂದೆಯೂ ಇಂಥದೇ ಒಂದು ನೆನಪು ಇದೆ. ಚಿಕ್ಕಂದಿನಲ್ಲಿ ನಿಮ್ಮಜ್ಜಿಯ ತಿಥಿಯ ದಿನ ನಿಮ್ಮಮ್ಮ ಸಂಜೆ ನನ್ನನ್ನೂ ಕರೆದು ವಡೆ, ಎಳ್ಳುಂಡೆ, ಪಾಯಸ ಕೊಡುತ್ತಿದ್ದರು. ಸಾರು ಯಾಕೆ ಬೇರೆ ರುಚಿ ಅಂತ ಕೇಳಿದರೆ, ಇವತ್ತು ಮೆಣಸಿನಕಾಯಿ ಹಾಕುವುದಿಲ್ಲ, ಮೆಣಸು ಮಾತ್ರ ಅನ್ನುತ್ತಿದ್ದರು. ಟೊಮೆಟೊ ಇಲ್ಲ, ಆಲೂಗೆಡ್ಡೆ ಇಲ್ಲ. ಬಾಳೆಕಾಯಿ, ಹಾಗಲಕಾಯಿ ಇರುತ್ತಿತ್ತು. ದೊಡ್ಡವನಾದ ಮೇಲೆ ತಿಳಿಯಿತು. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಮೂರೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳು ಬರಲು ಶುರುವಾದ ಮೇಲೆಯೇ, ಅಂದರೆ 1498ರ ನಂತರವೇ ಇವು ನಮ್ಮ ಕಡೆ ಬಂದವು. ಅದಕ್ಕಿಂತ ಹಿಂದಿನ ಹಿರಿಯರು ಅವುಗಳ ರುಚಿಯನ್ನೇ ನೋಡಿರಲಿಲ್ಲ. ವರ್ಷವೆಲ್ಲ ನಮ್ಮ ಅಡುಗೆ ಬದಲಾಗುತ್ತಾ ಬಂತು. ಆ ಒಂದು ದಿನ ಮಾತ್ರ ಒಲೆಯ ಮೇಲೆ ಅವರ ಕಾಲದ ಅಡುಗೆಯೇ ಬೇಯುತ್ತದೆ. ಇದನ್ನು ಬರೀ ಕಟ್ಟುಪಾಡು ಅಂತ ನೋಡಲು ನನಗೆ ಆಗುವುದಿಲ್ಲ.

ಕೊಡಗಿನಲ್ಲಿ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ ಹತ್ತಿರ ಹಿರಿಯರ ಗುಡಿ ಕೈಮಡ ಕಟ್ಟಿ, ಕುಲದ ಹಿರಿಯ ಕಾರಣನಿಗೆ ಮಾಂಸ, ಮದ್ಯ ಇಟ್ಟು ಬೇಡಿಕೊಳ್ಳುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುತ್ತಾರೆ. ಅಲ್ಲಿ ಇನ್ನೂ ಒಂದು ಪದ್ಧತಿ ಇದೆ, ಕುಲೆ ಮದಿಮೆ. ಮದುವೆಯಾಗದೆ ಸತ್ತ ಮಗನಿಗೆ, ಹಾಗೆಯೇ ಸತ್ತ ಹೆಣ್ಣೊಂದನ್ನು ಹುಡುಕಿ, ಎರಡೂ ಮನೆಯವರು ಒಪ್ಪಿ ಮದುವೆ ಮಾಡುತ್ತಾರೆ. ಕೂಸಾಗಿದ್ದಾಗಲೇ ಸತ್ತ ಮಗುವಿಗೆ ಎಷ್ಟೋ ವರ್ಷ ಕಳೆದ ಮೇಲೆ ಧಾರೆ ಎರೆಯುವುದೂ ಇದೆ. ಅಂದರೆ ಆ ತಾಯಿಯ ಲೆಕ್ಕದಲ್ಲಿ ಮಗು ಇಷ್ಟು ವರ್ಷವೂ ಬೆಳೆಯುತ್ತಲೇ ಇತ್ತು ಅಲ್ವಾ? ನಂಬಿಕೆ ಸರಿಯೋ ತಪ್ಪೋ ಅಂತ ಆ ತಾಯಿಯ ಮುಂದೆ ನಿಂತು ವಾದ ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನು ಹನ್ನೆರಡನೇ ದಿನದ ಸಪಿಂಡೀಕರಣ. ಆ ದಿನ ನಿನಗೆ ಏನೂ ತಲೆಗೆ ಹೋಗುತ್ತಿರಲಿಲ್ಲ, ಹೇಳಿದಂತೆ ಕೈ ಆಡಿಸುತ್ತಿದ್ದೆ. ನಾನು ಹಿಂದೆ ನಿಂತು ನೋಡುತ್ತಿದ್ದೆ. ಅಮ್ಮನದು ಒಂದು ಉದ್ದನೆಯ ಪಿಂಡ. ಅದರ ಮುಂದೆ ಮೂರು ಗುಂಡು ಪಿಂಡ: ನಿನ್ನಜ್ಜಿ, ಅವರ ಅತ್ತೆ, ಅವರ ಅತ್ತೆಯ ಅತ್ತೆ. ಅಮ್ಮನ ಪಿಂಡವನ್ನು ಮೂರು ಭಾಗ ಮಾಡಿ ಆ ಮೂರರಲ್ಲೂ ಸೇರಿಸಿದೆ. ಅಲ್ಲಿಯವರೆಗೆ ಅಮ್ಮ ಒಬ್ಬರೇ, ಪ್ರೇತ. ಸೇರಿಸಿದ ಮೇಲೆ ಅವರು ಹಿರಿಯರ ಸಾಲಿನವರು. ಅದೇ ಹೊತ್ತಿಗೆ ಸಾಲಿನ ಮೇಲಿನವರು ಒಬ್ಬರು ಹೊರಗೆ ಹೋದರು. ಇನ್ನು ನೀನು ಅವರ ಹೆಸರು ಹಿಡಿದು ಪಿಂಡ ಇಡಬೇಕಿಲ್ಲ.

ಈ ಮೂರು ತಲೆಮಾರಿನ ಲೆಕ್ಕ ಕಟ್ಟಿದವರು ಮನುಷ್ಯರನ್ನು ಚೆನ್ನಾಗಿ ಅರಿತವರು. ಅಮ್ಮನನ್ನು ಬಲ್ಲೆವು, ಅಜ್ಜಿಯನ್ನು ನೋಡಿದ್ದೇವೆ, ಮುತ್ತಜ್ಜಿಯ ಕತೆ ಕೇಳಿದ್ದೇವೆ. ಅದರಾಚೆ ಹೆಸರೇ ನೆನಪಿರುವುದಿಲ್ಲ. ಯಾರನ್ನು ನೆನೆಯಲು ನಮಗೆ ಸಾಧ್ಯವೋ ಅವರನ್ನು ನೆನೆಯಲು ಹೇಳಿದರು, ಉಳಿದವರನ್ನು ನಮ್ಮ ಹೆಗಲಿನಿಂದ ಇಳಿಸಿದರು. ದುಃಖಕ್ಕೂ ಹಾಗೆಯೇ ಮೆಟ್ಟಿಲು ಇಟ್ಟರು. ಮೊದಲು ಹತ್ತು ದಿನ ದಿನವೂ ಕೆಲಸ, ಆಮೇಲೆ ತಿಂಗಳಿಗೊಮ್ಮೆ ಮಾಸಿಕ, ಆಮೇಲೆ ವರ್ಷಕ್ಕೊಮ್ಮೆ. ನೀನು ಈ ವರ್ಷವೆಲ್ಲ ಮಾಸಿಕ ಮಾಡಲಿಲ್ಲ, ಆದರೂ ಪ್ರತಿ ತಿಂಗಳು ಆ ದಿನ ಬಂದಾಗ ನನಗೆ ಫೋನ್ ಮಾಡುತ್ತಿದ್ದೆ. ನಾನು ಗಮನಿಸಿದ್ದೇನೆ.

ನಿಮ್ಮಪ್ಪ ಮಹಾಲಯದಲ್ಲಿ ತರ್ಪಣ ಬಿಡುವಾಗ ಒಮ್ಮೆ ಕಿವಿಗೊಟ್ಟು ಕೇಳು. ಅವರು ಬರೀ ತಮ್ಮ ಅಪ್ಪ, ತಾತನ ಹೆಸರು ಹೇಳಿ ನಿಲ್ಲಿಸುವುದಿಲ್ಲ. ಸೋದರಮಾವ, ಅತ್ತೆ, ಚಿಕ್ಕಪ್ಪ, ಭಾವಮೈದ, ಗುರು, ಶಿಷ್ಯ ಅಂತ ಪಟ್ಟಿ ಹೋಗುತ್ತದೆ. ಅದರಲ್ಲಿ ಸಖ ಅಂತಲೂ ಒಂದು ಜಾಗ ಇದೆ. ರಕ್ತಸಂಬಂಧ ಏನೂ ಇಲ್ಲದ ಗೆಳೆಯನಿಗೂ ಎಳ್ಳುನೀರು. ಕೊನೆಗೆ, ಯಾರಿಗೆ ತಾಯಿಯಿಲ್ಲ, ತಂದೆಯಿಲ್ಲ, ಬಂಧುಗಳಿಲ್ಲ, ಅವರೆಲ್ಲರೂ ನಾನು ಬಿಡುವ ಈ ನೀರಿನಿಂದ ತೃಪ್ತರಾಗಲಿ ಅಂತ ಹೇಳಿ ಒಂದು ಬೊಗಸೆ ಬಿಡುತ್ತಾರೆ.

2021 ನೆನಪಿದೆಯಲ್ಲ. ಕೋವಿಡ್‌ನಲ್ಲಿ ಸತ್ತ ನೂರಾರು ಜನರ ಅಸ್ಥಿಯನ್ನು ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಮನೆಯವರೂ ಆಸ್ಪತ್ರೆಯಲ್ಲಿದ್ದರೋ, ಹೆದರಿದ್ದರೋ, ಉಳಿದೇ ಇರಲಿಲ್ಲವೋ. ಆ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರ ಸರ್ಕಾರವೇ ಅವನ್ನು ಕಾವೇರಿಗೆ ಬಿಟ್ಟಿತು. ಅದೇ ವರ್ಷದ ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದ ಗೋಸಾಯಿ ಘಾಟ್‌ನಲ್ಲಿ ಅವರ ಹೆಸರಿನಲ್ಲಿ ಪಿಂಡ ಇಡಿಸಿತು. ಯಾರ ಪಕ್ಷದ ಸರ್ಕಾರ ಅನ್ನುವುದೆಲ್ಲ ನನಗೆ ಬೇಡ. ಯಾರೂ ಇಲ್ಲದವರಿಗೆ ಒಂದು ಬೊಗಸೆ ನೀರು ಬಿಡಬೇಕು ಅನ್ನುವುದು ಈ ನೆಲದಲ್ಲಿ ಇನ್ನೂ ಉಳಿದಿದೆಯಲ್ಲ, ಅದಕ್ಕೆ ನಾನು ಋಣಿ.

ಅಕ್ಕನ ವಿಷಯ. ಹೆಣ್ಣುಮಕ್ಕಳು ಮಾಡಬಾರದು ಅಂತ ಅತ್ತೆಯವರು ಹೇಳಿದರಂತೆ. ಗಯೆಯಲ್ಲಿ ಹೇಳುವ ಕತೆ ಗೊತ್ತಲ್ಲ? ರಾಮ ಸಾಮಾನು ತರಲು ಹೋಗಿದ್ದಾಗ ದಶರಥ ಬಂದು ಕೈಯೊಡ್ಡಿದ. ಬೇರೆ ಏನೂ ಇಲ್ಲದೆ ಸೀತೆ ಫಲ್ಗು ನದಿಯ ಮರಳನ್ನೇ ಉಂಡೆ ಮಾಡಿ ಇಟ್ಟಳು, ಅವನು ತೃಪ್ತನಾದ. ಸೊಸೆಯ ಕೈಯ ಮರಳಿನ ಪಿಂಡ ಸಾಕಾಯಿತು. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಗಂಜಿ ಕುಡಿಸಿದ್ದು ಅಕ್ಕ. ಅವಳು ಇಡುವ ಅನ್ನ ಅಮ್ಮನಿಗೆ ಬೇಡವಾಗುತ್ತದಾ? ಅವಳಿಗೆ ಮಾಡಬೇಕು ಅನ್ನಿಸಿದರೆ ಮಾಡಲಿ. ನೀನು ಅವಳ ಪರವಾಗಿ ಅಪ್ಪನ ಹತ್ತಿರ ಮಾತಾಡು. ನೀನು ಮಾಡುವುದಕ್ಕೂ ಅವಳು ಮಾಡುವುದಕ್ಕೂ ಜಗಳ ಇಲ್ಲ, ಎರಡೂ ಇರಲಿ.

ಅಲ್ಲಿ ಪುರೋಹಿತರು ಸಿಗುವುದಿಲ್ಲ, ದರ್ಭೆ ಇಲ್ಲ ಅಂತ ಚಿಂತೆ ಮಾಡಬೇಡ. ವಿಷ್ಣುಪುರಾಣದಲ್ಲಿ ಇದಕ್ಕೂ ದಾರಿ ಇದೆ. ಅನುಕೂಲ ಇದ್ದವನು ದಾನ ಕೊಡಲಿ, ಇಲ್ಲದವನು ಅನ್ನ ಇಡಲಿ, ಅದೂ ಆಗದವನು ಒಂದಿಷ್ಟು ಎಳ್ಳು ಕೊಡಲಿ, ಇಲ್ಲವೇ ಹಸುವಿಗೆ ಹುಲ್ಲು ಹಾಕಲಿ. ಅದಕ್ಕೂ ಗತಿಯಿಲ್ಲದವನು ಕಾಡಿಗೆ ಹೋಗಿ ಎರಡೂ ಕೈ ಮೇಲೆತ್ತಿ, ನನ್ನ ಹತ್ತಿರ ಹಣವಿಲ್ಲ, ಏನೂ ಇಲ್ಲ, ನನ್ನ ಭಕ್ತಿಯಿಂದಲೇ ಹಿರಿಯರು ತೃಪ್ತರಾಗಲಿ ಅಂತ ಹೇಳಲಿ. ಇಷ್ಟೇ ಸಾಕು ಅಂತ ಪುರಾಣವೇ ಒಪ್ಪಿರುವಾಗ, ಸುಮ್ನೆ ಮನೆಯಲ್ಲಿ ಅನ್ನ ಮಾಡಿ ಇಟ್ಟರೆ ಯಾರು ಬೇಡ ಅನ್ನುತ್ತಾರೆ?

ಹಾಗಾಗಿ ಹೀಗೆ ಮಾಡು. ಮ್ಯೂನಿಕ್‌ಗೆ ಲೆಕ್ಕ ಹಾಕಿದ ಪಂಚಾಂಗ ನೋಡು. ಮಧ್ಯಾಹ್ನ ಕಳೆದ ಮೇಲೆ ಯಾವ ದಿನ ಆ ತಿಥಿ ಇರುತ್ತದೋ ಅದೇ ದಿನ. ಮೈಸೂರಿನಲ್ಲಿ ಅಪ್ಪ ಮಾಡುವ ದಿನಕ್ಕೂ ನಿನ್ನ ದಿನಕ್ಕೂ ಒಂದು ದಿನ ವ್ಯತ್ಯಾಸ ಬರಬಹುದು, ಪರವಾಗಿಲ್ಲ. ಕರಿ ಎಳ್ಳು ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ಅವತ್ತು ರಜೆ ಹಾಕು, ಆಫೀಸಿನ ಮಧ್ಯೆ ಮಾಡಬೇಡ. ಅಮ್ಮನಿಗೆ ಇಷ್ಟವಾದ ಒಂದು ಅಡುಗೆ ನಿನ್ನ ಕೈಯಾರೆ ಮಾಡು. ಬಾಲ್ಕನಿಯಲ್ಲಿ ಒಂದು ತುತ್ತು ಇಡು. ಅಲ್ಲಿಯೂ ಕಾಗೆ ಇವೆ. ನಿನ್ನ ಮಗಳಿಗೆ ಜೊತೆಯಲ್ಲಿ ಕೂರಲು ಹೇಳು. ಆ ದಿನ ಒಬ್ಬರಿಗಾದರೂ ಹೊರಗಿನವರಿಗೆ ಊಟ ಹಾಕು. ಇದನ್ನು ಮಾತ್ರ ಬಿಡಬೇಡ, ನಮ್ಮ ಮನೆಯಲ್ಲೂ ನಿಮ್ಮ ಮನೆಯಲ್ಲೂ ಬಿಡದೆ ನಡೆದುಬಂದದ್ದು ಇದೊಂದೇ.

ಇನ್ನೊಂದು, ತಡ ಮಾಡಬೇಡ. ಅಜ್ಜಿಯ ಹೆಸರು ನಿನಗೆ ಗೊತ್ತು, ಮುತ್ತಜ್ಜಿಯ ಹೆಸರು ಗೊತ್ತಾ? ಹನ್ನೆರಡನೇ ದಿನ ಅಪ್ಪ ಹೇಳಿಕೊಟ್ಟದ್ದನ್ನು ನೀನು ಬಾಯಲ್ಲಿ ಹೇಳಿದೆ, ಈಗ ನೆನಪಿರಲಾರದು. ಇವತ್ತೇ ಅಪ್ಪನಿಗೆ ಫೋನ್ ಮಾಡಿ ಎಲ್ಲರ ಹೆಸರು, ಗೋತ್ರ, ತಿಥಿ ಕೇಳಿ ಬರೆದುಕೋ. ಅವರನ್ನು ಬಿಟ್ಟರೆ ಆ ಹೆಸರು ಹೇಳುವವರು ಯಾರೂ ಉಳಿದಿಲ್ಲ. ನಾನು ಅಕ್ಕನ ಹತ್ತಿರ ತಿಥಿ ದಿನದ ಸಾರಿನ ಲೆಕ್ಕ ಕೇಳಿ ನಾಳೆ ಕಳಿಸುತ್ತೇನೆ. ದಿನ ಯಾವುದು ಅಂತ ಗೊತ್ತಾದ ಕೂಡಲೇ ತಿಳಿಸು.

ನಿನ್ನ,
ಗೆಳೆಯ