ಐಎನ್‌ಆರ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳಲ್ಲಿ ಹಳೆಯವಕ್ಕಿಂತ ಹೊಸವೇ ರೋಗಿಗಳಿಗೆ ಹೆಚ್ಚು ಸಮಾಧಾನ ಕೊಡುತ್ತವೆ ಎಂಬ ಮಾತು ಈಗ ವೈದ್ಯರಿಂದಲೂ ಔಷಧ ಅಂಗಡಿಗಳಲ್ಲಿಯೂ ಕೇಳಿಬರುತ್ತಿದೆ. ಎರಡೂ ಬಗೆಯ ಗುಳಿಗೆ ನುಂಗುವವರು ನಮ್ಮ ಮನೆಯಲ್ಲೇ ಇರುವುದರಿಂದ ಈ ಮಾತನ್ನು ಹತ್ತಿರದಿಂದ ನೋಡಿದ್ದೇನೆ.

ನನ್ನ ಹೆಂಡತಿಗೆ ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮಿಟ್ರಲ್ ಕವಾಟ ಕೆಟ್ಟು, ಅದನ್ನು ತೆಗೆದು ಯಾಂತ್ರಿಕ ಕವಾಟ ಕೂಡಿಸಿದ್ದಾರೆ. ಆಕೆ ವಾರ್ಫರಿನ್ ನುಂಗುತ್ತಾಳೆ. 1954ರಿಂದ ಮನುಷ್ಯರ ಚಿಕಿತ್ಸೆಯಲ್ಲಿರುವ ಹಳೆಯ ಔಷಧವದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಎಂಬ ಅಳತೆ ಆಕೆಯಂಥವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ. ಇದಕ್ಕಾಗಿ ಸುರಪುರದಿಂದ ಬೆಳಗಿನ ಬಸ್ಸು ಹಿಡಿದು, ಶಹಾಪುರ, ಜೇವರ್ಗಿ ದಾಟಿ ಕಲಬುರಗಿಗೆ ಹೋಗಿ ರಕ್ತ ಕೊಟ್ಟು, ವರದಿಗೆ ಕಾದು ಮರಳುವಷ್ಟರಲ್ಲಿ ಒಂದು ದಿನವೇ ಕಳೆಯುತ್ತದೆ. ಒಮ್ಮೆ ವರದಿ ಮೂರು ದಿನ ತಡವಾಗಿ ಕೈಸೇರಿತು. ಆ ಮೂರು ದಿನವೂ ಎಷ್ಟು ಗುಳಿಗೆ ಕೊಡಬೇಕೆಂದು ತಿಳಿಯದೆ ನಾನು ಒದ್ದಾಡಿದ್ದೇನೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಔಷಧಕ್ಕೆ ಎದುರಾಗಿ ಕೆಲಸ ಮಾಡುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಆಕೆ ಎಷ್ಟೋ ವರ್ಷ ಪುಂಡಿಪಲ್ಯ ಮುಟ್ಟಲೇ ಇಲ್ಲ. ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಂಡರೆ ಸಾಕು ಎಂಬುದನ್ನು ನಮಗೆ ಬಿಡಿಸಿ ಹೇಳುವವರು ಸಿಕ್ಕಿದ್ದು ಬಹಳ ತಡವಾಗಿ.

ನನ್ನ ಅಣ್ಣನಿಗೆ ಕವಾಟದ ತೊಂದರೆಯಿಲ್ಲ. ಹೃದಯದ ಬಡಿತ ತಾಳ ತಪ್ಪಿದೆ. ಆತ ದಿನಕ್ಕೆರಡು ಸಲ ಅಪಿಕ್ಸಬಾನ್ ಎಂಬ ಹೊಸ ಗುಳಿಗೆ ನುಂಗುತ್ತಾನೆ. ಐಎನ್‌ಆರ್ ಇಲ್ಲ, ಪಲ್ಯದ ಲೆಕ್ಕವಿಲ್ಲ. ಖರ್ಚೊಂದು ಬಿಟ್ಟರೆ ಆತನಿಗೆ ದೂರಿಲ್ಲ. ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಹೊಲದಿಂದ ತಡವಾಗಿ ಬಂದು ರಾತ್ರಿಯ ಗುಳಿಗೆ ಮರೆತದ್ದುಂಟು. ವಾರ್ಫರಿನ್ನಿನ ಪ್ರಭಾವ ಕೆಲವು ದಿನ ಉಳಿದರೆ ಇದರದು ಒಂದು ದಿನದೊಳಗೇ ಇಳಿದುಹೋಗುತ್ತದೆ. ಪರೀಕ್ಷೆಗೆ ಹೋಗುವ ಗೊಡವೆಯಿಲ್ಲದ ಕಾರಣ, ಆತ ಮರೆತದ್ದನ್ನು ಕೇಳುವವರೂ ಇಲ್ಲ. ಮೂತ್ರಪಿಂಡದ ಪರೀಕ್ಷೆಯನ್ನಾದರೂ ಕಾಲಕಾಲಕ್ಕೆ ಮಾಡಿಸಬೇಕೆಂದು ಆತನನ್ನು ಒಪ್ಪಿಸಲು ನನಗೆ ಸಾಕುಬೇಕಾಯಿತು.

ಹಾಗಾದರೆ ಹೆಂಡತಿಗೂ ಹೊಸ ಗುಳಿಗೆಯನ್ನೇ ಕೊಡಬಾರದೇಕೆ ಎಂದು ಬಂಧುಗಳು ಕೇಳುತ್ತಾರೆ. ಕೊಡುವಂತಿಲ್ಲ. ಯಾಂತ್ರಿಕ ಕವಾಟವಿರುವವರಿಗೆ ಡಬಿಗಟ್ರಾನ್ ಎಂಬ ಹೊಸ ಗುಳಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪುಗಟ್ಟುವಿಕೆಯೂ ರಕ್ತಸ್ರಾವವೂ ಹೆಚ್ಚಿದ್ದರಿಂದ ಅದನ್ನು ನಡುವೆಯೇ ನಿಲ್ಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ರುಮ್ಯಾಟಿಕ್ ಹೃದ್ರೋಗದ ಜೊತೆಗೆ ಬಡಿತವೂ ತಪ್ಪಿದವರಲ್ಲಿ ರಿವರಾಕ್ಸಬಾನ್ ಎಂಬ ಮತ್ತೊಂದು ಹೊಸ ಗುಳಿಗೆ ಪಡೆದವರಿಗಿಂತ ವಾರ್ಫರಿನ್‌ನಂಥ ಹಳೆಯ ಬಗೆಯ ಔಷಧ ಪಡೆದವರೇ ಕಡಿಮೆ ಸಂಖ್ಯೆಯಲ್ಲಿ ಮೃತಪಟ್ಟರೆಂದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಹೀಗಿರುವಾಗ, ಹೊಸದು ಹಿತವೆಂದು ಎಷ್ಟು ಹೇಳಿದರೂ ಇಂಥ ರೋಗಿಗಳು ಅದಕ್ಕೆ ಬದಲಾಗುವಂತಿಲ್ಲ.

ನನ್ನ ಹೆಂಡತಿಯ ಅಸಮಾಧಾನವಿರುವುದು ಗುಳಿಗೆಯ ಮೇಲಲ್ಲ, ಆ ದಾರಿಯ ಮೇಲೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಐಎನ್‌ಆರ್ ತೋರಿಸುವ, ಸಕ್ಕರೆ ಕಾಯಿಲೆಯ ಯಂತ್ರದಂತೆ ಕೈಯಲ್ಲಿ ಹಿಡಿಯುವ ಸಾಧನಗಳಿವೆ. ಯಾದಗಿರಿ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಅಂಥದೊಂದನ್ನು ರಕ್ತದ ಹನಿ ಹಾಕುವ ಅದರ ಪರೀಕ್ಷಾ ಪಟ್ಟಿಗಳ ಸಮೇತ ಒದಗಿಸಿ, ವಾರಕ್ಕೊಂದು ದಿನ ಗೊತ್ತು ಮಾಡಿ, ಅಂದೇ ಗುಳಿಗೆಯ ಪ್ರಮಾಣ ಹೇಳುವ ವೈದ್ಯರನ್ನು ನೇಮಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಜೊತೆಗೆ ಗುಳಿಗೆಯ ಹೆಸರು, ಪ್ರಮಾಣ, ಹಿಂದಿನ ಅಳತೆಗಳು ಹಾಗೂ ವೈದ್ಯರನ್ನು ಕೇಳದೆ ನೋವಿನ ಗುಳಿಗೆ ನುಂಗಬಾರದೆಂಬ ಎಚ್ಚರಿಕೆ, ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಪ್ರತಿ ರೋಗಿಯ ಕೈಯಲ್ಲಿರಲಿ.

— ನಿವೃತ್ತ ಶಿಕ್ಷಕ, ಸುರಪುರ, ಯಾದಗಿರಿ ಜಿಲ್ಲೆ