ಇನ್ನು ಮುಂದೆ ಬೆಳ್ಳಿ ಫಿಲ್ಲಿಂಗ್ ಹಾಕುವುದಿಲ್ಲ: ನಮ್ಮ ಕ್ಲಿನಿಕ್‌ಗೆ ಬರುವವರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಹಲ್ಲಿನ ಕ್ಲಿನಿಕ್‌ನಲ್ಲಿ ಬೆಳ್ಳಿ ಫಿಲ್ಲಿಂಗ್ ಹಾಕುವುದನ್ನು ನಿಲ್ಲಿಸುತ್ತಿದ್ದೇವೆ. ಹುಳುಕು ತೆಗೆದ ಗುಂಡಿಗೆ ಬೂದು ಬಣ್ಣದ ಲೋಹ ತುಂಬುತ್ತಿದ್ದೆವಲ್ಲ, ಅದೇ. ಎಷ್ಟೋ ಜನರ ದವಡೆ ಹಲ್ಲಲ್ಲಿ ನಾವು ಹಾಕಿದ್ದು ಇವತ್ತಿಗೂ ಗಟ್ಟಿಯಾಗಿ ಕೂತಿದೆ. ಮತ್ತೆ ಯಾಕೆ ನಿಲ್ಲಿಸುತ್ತೀರಿ ಅಂತ ನೀವು ಕೇಳೇ ಕೇಳುತ್ತೀರಿ.

ಹೆಸರು ಬೆಳ್ಳಿ ಅಂತಿದ್ದರೂ ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾದ ಮೇಲೆ ಹೊರಬರುವ ಪಾದರಸ ತೀರಾ ಕಡಿಮೆ. ನಮಗೆ ಜಾಸ್ತಿ ಚಿಂತೆ ಇರುವುದು ನೀರಿನದು. ಹಾಕುವಾಗ, ಕೊರೆಯುವಾಗ ಉದುರುವ ಚೂರು ಎಷ್ಟು ಹಿಡಿದಿಟ್ಟರೂ ಸ್ವಲ್ಪ ಚರಂಡಿಗೆ ಹೋಗುತ್ತದೆ. ಅಲ್ಲಿಂದ ಹೊಳೆಗೆ, ಮೀನಿನ ಮೈಗೆ. ಪಾದರಸ ಕಡಿಮೆ ಮಾಡಲು 2013ರಲ್ಲಿ ದೇಶಗಳು ಒಪ್ಪಿಕೊಂಡ ಮಿನಮಾಟಾ ಒಪ್ಪಂದದಲ್ಲಿ ಈ ಫಿಲ್ಲಿಂಗ್ ಕೂಡ ಇದೆ. 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತೀರಾ ಅಗತ್ಯವಿಲ್ಲದೆ ಇದನ್ನು ಹಾಕಬಾರದು ಅಂತ 2022ರಲ್ಲಿ ಸೇರಿಸಿದರು. ಯೂರೋಪ್ ಒಕ್ಕೂಟ 2025ರ ಜನವರಿಯಿಂದ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದೆ. ನಾವೂ ಇನ್ನು ಕಾಯುವುದು ಬೇಡ ಅಂದುಕೊಂಡೆವು.

ದಯವಿಟ್ಟು ಇದೊಂದನ್ನು ಮಾತ್ರ ಮನಸ್ಸಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಚೆನ್ನಾಗಿರುವ ಹಳೇ ಬೆಳ್ಳಿ ಫಿಲ್ಲಿಂಗ್ ಸುಮ್ನೆ ತೆಗೆಸಬೇಡಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು. ಜೊತೆಗೆ ಒಳ್ಳೆ ಹಲ್ಲೂ ಸ್ವಲ್ಪ ಸವೆಯುತ್ತದೆ. ಒಡೆದಿದ್ದರೆ, ಅಂಚಲ್ಲಿ ಬಿರುಕು ಬಿಟ್ಟಿದ್ದರೆ, ಅಡಿಯಲ್ಲಿ ಮತ್ತೆ ಹುಳುಕು ಹಿಡಿದಿದ್ದರೆ ಮಾತ್ರ ತೆಗೆಯೋಣ. ಈ ಫಿಲ್ಲಿಂಗ್‌ನ ಲೋಹಗಳಿಗೆ ಅಲರ್ಜಿ ಇರುವವರ ವಿಷಯ ಬೇರೆ, ಅವರು ಬಂದು ಮಾತಾಡಿ.

ಇನ್ನು ಮುಂದೆ ಹೆಚ್ಚಾಗಿ ಹಾಕುವುದು ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ, ರಾಳದಂಥ ಫಿಲ್ಲಿಂಗ್. ಇದರ ಕೆಲಸ ನಿಧಾನ. ಹಲ್ಲು ಪೂರ್ತಿ ಒಣಗಿರಬೇಕು, ಒಂದು ಹನಿ ಎಂಜಲು ತಾಗಿದರೂ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಕಟ್ಟುತ್ತೇವೆ. ಆಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಒಂದು ಪದರ ಇಟ್ಟು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ, ಅದರ ಮೇಲೆ ಇನ್ನೊಂದು ಪದರ. ಬಾಯಿ ತೆರೆದುಕೊಂಡೇ ಇರಬೇಕಾದ್ದರಿಂದ ದವಡೆ ನೋಯುವುದುಂಟು. ನಡುವೆ ಸುಧಾರಿಸಿಕೊಳ್ಳಬೇಕು ಅನಿಸಿದರೆ ಕೈ ಎತ್ತಿ, ನಿಲ್ಲಿಸುತ್ತೇವೆ. ಇದರ ಒಂದು ಲಾಭವೆಂದರೆ ಬೆಳ್ಳಿ ನಿಲ್ಲಲಿ ಅಂತ ಗಟ್ಟಿ ಹಲ್ಲನ್ನೂ ಕೊರೆದು ಜಾಗ ಮಾಡಬೇಕಿತ್ತು, ಇದಕ್ಕೆ ಅಷ್ಟು ಬೇಡ.

ಹಾಲುಹಲ್ಲಿಗೆ, ಒಸಡಿನ ಅಂಚಿನ ಹುಳುಕಿಗೆ ಗ್ಲಾಸ್ ಅಯೊನೊಮರ್ ಸಿಮೆಂಟ್ ಸಾಕು. ಸ್ವಲ್ಪ ತೇವ ಇದ್ದರೂ ಅಂಟುತ್ತದೆ, ನಿಧಾನಕ್ಕೆ ಫ್ಲೋರೈಡ್ ಬಿಡುತ್ತದೆ. ಆದರೆ ಜೋರಾಗಿ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ.

ಹುಳುಕು ಕಂಡ ಕೂಡಲೇ ಫಿಲ್ಲಿಂಗ್ ಬೇಕೇ ಬೇಕು ಅಂತಲೂ ಇಲ್ಲ. ಹಲ್ಲಿನ ಮೇಲೆ ಸೀಮೆಸುಣ್ಣದಂಥ ಬಿಳಿ ಮಚ್ಚೆ ಮಾತ್ರ ಇದ್ದು, ಗುಂಡಿ ಬಿದ್ದಿರದಿದ್ದರೆ ಫ್ಲೋರೈಡ್ ವಾರ್ನಿಷ್ ಹಚ್ಚಿ ಕಾದು ನೋಡುತ್ತೇವೆ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್‌ನಲ್ಲಿ ಉಜ್ಜಿ, ಸಿಹಿ ಕಡಿಮೆ ಮಾಡಿದರೆ ಆ ಜಾಗ ಮತ್ತೆ ಗಟ್ಟಿಯಾಗಬಹುದು. ಕುರ್ಚಿಯಲ್ಲಿ ಕೂರದೆ ಅಳುವ ಪುಟ್ಟ ಮಕ್ಕಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ದ್ರವ ಇದೆ. ಕೊರೆಯುವುದಿಲ್ಲ, ಸೂಜಿ ಇಲ್ಲ, ಸುಮ್ನೆ ಹಚ್ಚುವುದು. ಇದರಲ್ಲಿ ಬೆಳ್ಳಿ ಇದೆ, ಪಾದರಸ ಇಲ್ಲ. ಹುಳುಕು ಬೆಳೆಯುವುದನ್ನು ತಡೆಯುತ್ತದೆ, ಆದರೆ ಹುಳುಕು ಹಿಡಿದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ನಕ್ಕಾಗ ಕಾಣುವ ಮುಂಭಾಗದ ಹಲ್ಲಾದರೆ ಹಚ್ಚುವ ಮೊದಲೇ ಫೋಟೋ ತೋರಿಸಿ ನಿಮ್ಮ ಒಪ್ಪಿಗೆ ಕೇಳುತ್ತೇವೆ.

ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಹುಳುಕು ಬಹುಶಃ ನರದವರೆಗೆ ಹೋಗಿರುತ್ತದೆ. ಆಗ ಸಾಮಾನ್ಯವಾಗಿ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬುವುದು) ಇಲ್ಲವೇ ಹಲ್ಲು ಕೀಳಿಸುವುದು, ಎರಡೇ ದಾರಿ. ದಯವಿಟ್ಟು ಅಲ್ಲಿವರೆಗೆ ಬಿಡಬೇಡಿ.

ಬೆಳ್ಳಿ ಫಿಲ್ಲಿಂಗ್‌ಗೆ ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ನಾವೇ ಫೋನ್ ಮಾಡುತ್ತೇವೆ. ಕಾಂಪೋಸಿಟ್‌ಗೆ ಹೊತ್ತು ಜಾಸ್ತಿ ಬೇಕು, ಖರ್ಚೂ ಬೇರೆ. ಎರಡನ್ನೂ ಕೆಲಸ ಶುರು ಮಾಡುವ ಮೊದಲೇ ಹೇಳುತ್ತೇವೆ.

ನಿಮ್ಮ ಹಲ್ಲಿನ ಕ್ಲಿನಿಕ್‌ನ ಎಲ್ಲರಿಂದ